ಒಗೆಯುವ ಯಂತ್ರವನ್ನು ಒಗೆಯುವವರು ಯಾರು?

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯಲ್ಲಿ, ಎರಡೂ ಊರುಗಳಿಗೆ ಸೇರಿದಂತೆಯೂ ಎರಡಕ್ಕೂ ಸೇರದಂತೆಯೂ ಕಾಣುವ ಜಾಗ ಮಾಚೇನಹಳ್ಳಿ. ಅತ್ತ ತುಂಗೆಯ ಊರು, ಇತ್ತ ಭದ್ರೆಯ ಊರು. ನಡುವೆ ಹಾಲು ಒಕ್ಕೂಟದ ಡೇರಿ, ಮೀಸಲು ಪೊಲೀಸ್ ಪಡೆಯ ಬೆಟಾಲಿಯನ್, ಕೈಗಾರಿಕಾ ಪ್ರದೇಶದ ಷೆಡ್ಡುಗಳು, ಸಿದ್ಧ ಉಡುಪಿನ ಕಾರ್ಖಾನೆ. ಉಡುಪು ಹೊಲಿಯುವ ಕೆಲಸದಲ್ಲಿ ಎಲ್ಲೆಡೆಯಂತೆ ಇಲ್ಲಿಯೂ ಹೆಂಗಸರೇ ಹೆಚ್ಚು. ಹಗಲೆಲ್ಲ ಯಾರಿಗೋ ಅಂಗಿ ಹೊಲಿದು, ಬಸ್ಸು ಹಿಡಿದು ಮನೆಗೆ ಬಂದರೆ ಅಲ್ಲಿಯೂ ಕಾದಿರುವುದು ಬಟ್ಟೆಯೇ. ವ್ಯತ್ಯಾಸವೆಂದರೆ ಅದು ಒಗೆಯಬೇಕಾದ ಬಟ್ಟೆ.

ಇಂಥ ಮನೆಗಳಿಗೆ ವಾಷಿಂಗ್ ಮಷೀನು ಬಂದದ್ದು ಶೋಕಿಗಲ್ಲ. ಕಂತು ಕಟ್ಟಿ ತಂದ ಯಂತ್ರಕ್ಕೆ ಮೊದಲ ದಿನ ಅರಿಶಿನ ಕುಂಕುಮ ಏರುತ್ತದೆ. ಅದರ ಮೈಗೆ ಹೂವಿನ ಚಿತ್ರದ ಕವರು ಬರುತ್ತದೆ. ಆಯುಧಪೂಜೆಯ ದಿನ ಬೈಕು, ಕಾರು, ಕುಡುಗೋಲಿನ ಜತೆ ಅದಕ್ಕೂ ಒಂದು ಹಾರ. ಅಲ್ಲಿಗೆ ಅದರ ಯೋಗಕ್ಷೇಮ ಮುಗಿಯಿತು. ವರ್ಷಕ್ಕೆ ಇನ್ನೂರು ಸಲ ಇಡೀ ಮನೆಯ ಕೊಳೆಯನ್ನು ಹೊಟ್ಟೆಗೆ ಹಾಕಿಕೊಳ್ಳುವ ಯಂತ್ರದ ಹೊಟ್ಟೆಯನ್ನು ಯಾರೂ ಇಣುಕಿ ನೋಡುವುದಿಲ್ಲ. ಸೋಪಿನ ನೀರಿನಲ್ಲೇ ಸದಾ ಮುಳುಗಿರುವ ವಸ್ತುವನ್ನು ಮತ್ತೆ ತೊಳೆಯುವುದೇಕೆ ಎಂಬುದು ಎಲ್ಲರ ಭಾವನೆ.

ಆ ಭಾವನೆ ತಪ್ಪು. ಅದರ ಬೆಲೆಯನ್ನು ತೆರುವವರು ಯಾರು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಉಳಿತಾಯವಾಗುವುದು ನೀರಲ್ಲ, ಹೊತ್ತು

ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ಜನ ತಮ್ಮ ದಿನದ ಸಮಯವನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಅಂಥ ಕೆಲಸ ಮಾಡುವ ಗಂಡಸರು 97 ನಿಮಿಷ ಎಂದು ಅದು ಲೆಕ್ಕ ಹಾಕಿತು. 299 ನಿಮಿಷವೆಂದರೆ ಐದು ಗಂಟೆಗೆ ಒಂದೇ ನಿಮಿಷ ಕಡಿಮೆ. ಬಟ್ಟೆ ನೆನೆಸುವುದು, ಉಜ್ಜುವುದು, ಕುಸುಬುವುದು, ಜಾಲಿಸುವುದು, ಹಿಂಡುವುದು, ಒಣಹಾಕುವುದು ಈ ಐದು ಗಂಟೆಗಳ ದೊಡ್ಡ ಪಾಲುದಾರರು.

ಸ್ವೀಡನ್ನಿನ ಆರೋಗ್ಯ ತಜ್ಞ ಹನ್ಸ್ ರೋಸ್ಲಿಂಗ್ 2010ರಲ್ಲಿ ಮಾಡಿದ ಒಂದು ಭಾಷಣ ಹೆಸರಾಯಿತು. ಅದರ ವಿಷಯ ಈ ಯಂತ್ರವೇ. ತಮ್ಮ ಮನೆಗೆ ಮೊದಲ ವಾಷಿಂಗ್ ಮಷೀನು ಬಂದ ದಿನ ಅಜ್ಜಿ ಅದರ ಮುಂದೆ ಕುರ್ಚಿ ಹಾಕಿಕೊಂಡು, ಅದು ಒಗೆದು ಮುಗಿಸುವವರೆಗೂ ನೋಡುತ್ತ ಕುಳಿತಿದ್ದನ್ನು ಅವರು ನೆನೆದಿದ್ದರು. ಯಂತ್ರಕ್ಕೆ ಬಟ್ಟೆ ತುಂಬಿ ತಾಯಿ ತಮ್ಮನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದರು ಎಂದೂ ಹೇಳಿದ್ದರು. ಯಂತ್ರ ಕೊಟ್ಟದ್ದು ಬಿಳಿಯ ಬಟ್ಟೆಯನ್ನಷ್ಟೇ ಅಲ್ಲ, ಹೊತ್ತನ್ನು.

ಯಂತ್ರ ಕೆಟ್ಟು ನಿಂತಾಗ ಮನೆಯಿಂದ ಹೋಗುವುದೂ ಈ ಹೊತ್ತೇ. ಮೆಕ್ಯಾನಿಕ್ ‘ನಾಳೆ ಬರ್ತೀನಿ ಅಮ್ಮಾ’ ಎಂದು ಹೇಳಿ ವಾರವಾದರೂ ಬಾರದಿದ್ದರೆ, ಆ ವಾರವೆಲ್ಲ ಬಚ್ಚಲ ಕಲ್ಲಿನ ಮುಂದೆ ಕೂರುವವರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಯಂತ್ರದ ಆರೈಕೆಯೆಂದರೆ ಆ ಮನೆಯ ಹೆಂಗಸಿನ ಬೆನ್ನು, ಕೈ, ನಿದ್ದೆಗಳ ಆರೈಕೆ. ಅದಕ್ಕೆ ಬೇಕಾಗುವುದು ತಿಂಗಳಿಗೆ ಅರ್ಧ ಗಂಟೆ.

ಹೊಳೆಯ ನೀರು, ಬೋರಿನ ನೀರು

‘ಗಂಗಾ ಸ್ನಾನ, ತುಂಗಾ ಪಾನ’ ಎನ್ನುವುದು ಈ ಸೀಮೆಯ ಹಳೆಯ ಹೆಮ್ಮೆ. ಹೆಮ್ಮೆಗೆ ಕಾರಣವೂ ಇದೆ. ಘಟ್ಟದ ಗಟ್ಟಿ ಶಿಲೆಗಳ ಮೇಲೆ ಸುರಿದು ಬೇಗನೆ ಹರಿದುಬರುವ ಮಳೆಯ ನೀರಿಗೆ ಕಲ್ಲನ್ನು ಕರಗಿಸಿಕೊಳ್ಳಲು ಪುರುಸೊತ್ತಿಲ್ಲ. ಹಾಗಾಗಿ ಮಲೆನಾಡಿನ ಹೊಳೆಗಳ ನೀರು ಮೆದು. ಕುಡಿಯಲು ರುಚಿ, ಬೇಳೆ ಬೇಯಲು ಸಲೀಸು, ಸೋಪಿಗೂ ಒಗ್ಗುತ್ತದೆ.

ಆದರೆ ಹೊಳೆಯ ನೀರು ನಲ್ಲಿಯಲ್ಲಿ ಬಾರದ ಬಡಾವಣೆಗಳಲ್ಲಿ, ಬಂದರೂ ಸಾಲದ ದಿನಗಳಲ್ಲಿ ಬೋರ್‌ವೆಲ್ಲೇ ಗತಿ. ನೆಲದಾಳದ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅಲ್ಲಿಯ ಸುಣ್ಣ ಮತ್ತು ಮೆಗ್ನೀಷಿಯಂ ಲವಣಗಳನ್ನು ಕರಗಿಸಿಕೊಂಡಿರುತ್ತದೆ. ಇದೇ ಗಡಸು ನೀರು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ವಿಧಿಸಿರುವ ಮಟ್ಟ ಲೀಟರಿಗೆ 200 ಮಿಲಿಗ್ರಾಂ ಗಡಸುತನ. ಬೇರೆ ನೀರೇ ಇಲ್ಲದ ಕಡೆ 600ರವರೆಗೂ ಸಹಿಸಬಹುದೆಂದು ಅದು ಹೇಳುತ್ತದೆ. ಮನುಷ್ಯನ ಹೊಟ್ಟೆ ಸಹಿಸುವ ನೀರನ್ನು ಯಂತ್ರದ ಹೊಟ್ಟೆ ಸಹಿಸಲೇಬೇಕೆಂಬ ನಿಯಮವಿಲ್ಲ.

ಒಂದು ಸಣ್ಣ ಲೆಕ್ಕ ಹಾಕಬಹುದು. ಮನೆಯ ನೀರಿನ ಗಡಸುತನ ಲೀಟರಿಗೆ 400 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಒಂದು ಸಲದ ಒಗೆತಕ್ಕೆ 60 ಲೀಟರ್ ನೀರು ಬೇಕಾದರೆ ಅದರೊಂದಿಗೆ 24 ಗ್ರಾಂ ಸುಣ್ಣ ಯಂತ್ರದೊಳಗೆ ಹೋಯಿತು. ವರ್ಷಕ್ಕೆ 200 ಸಲ ಒಗೆದರೆ ಹೆಚ್ಚುಕಡಿಮೆ ಐದು ಕಿಲೋ. ಬಹುಪಾಲು ನೀರಿನೊಂದಿಗೇ ಹೊರಗೆ ಹೋಗುತ್ತದೆ, ನಿಜ. ಒಂದು ಪಾಲು ಮಾತ್ರ ಅಲ್ಲೇ ತಳವೂರುತ್ತದೆ. ಬಚ್ಚಲುಮನೆಯ ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಹೊಕ್ಕು ಇದೇ. ನೀರು ಕಾದಾಗ ಕರಗಿದ್ದ ಸುಣ್ಣ ಕರಗದ ಸುಣ್ಣಕಲ್ಲಾಗಿ ಅಂಟಿಕೊಳ್ಳುತ್ತದೆ. ಬಿಸಿನೀರಿನಲ್ಲಿ ಒಗೆಯುವ ಯಂತ್ರದ ಹೀಟರಿನ ಮೇಲೂ ಆಗುವುದು ಹೀಗೆಯೇ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳನ್ನು ಕಂಡ ಭದ್ರಾವತಿಯವರಿಗೆ ಬಾಯ್ಲರಿನೊಳಗೆ ಸುಣ್ಣ ಕಟ್ಟಿದರೆ ಏನಾಗುತ್ತದೆಂದು ಹೇಳಿಕೊಡಬೇಕಾಗಿಲ್ಲ. ಶಾಖ ನೀರಿಗೆ ದಾಟುವುದಿಲ್ಲ, ಕರೆಂಟು ಪೋಲಾಗುತ್ತದೆ, ಕೊನೆಗೆ ಹೀಟರೇ ಸುಟ್ಟುಹೋಗುತ್ತದೆ.

ತಮ್ಮ ನೀರು ಮೆದುವೋ ಗಡಸೋ ಎಂದು ತಿಳಿಯಲು ಪ್ರಯೋಗಾಲಯಕ್ಕೆ ಓಡಬೇಕಿಲ್ಲ. ಎರಡು ಖಾಲಿ ಬಾಟಲಿಗಳಲ್ಲಿ ಒಂದರಲ್ಲಿ ಮಳೆಯ ನೀರು, ಇನ್ನೊಂದರಲ್ಲಿ ಮನೆಯ ನೀರು ಅರ್ಧರ್ಧ ತುಂಬಿ. ಎರಡಕ್ಕೂ ಮೈಸೋಪಿನ ಚೂರನ್ನು ಒಂದೇ ಅಳತೆಯಲ್ಲಿ ತುರಿದು ಹಾಕಿ ಕುಲುಕಿ. ಮಳೆಯ ನೀರು ಬುಸಬುಸನೆ ನೊರೆಯೇಳುತ್ತದೆ. ಮನೆಯ ನೀರು ನೊರೆ ಬಿಡದೆ ಮೊಸರೊಡೆದಂತೆ ಕದಡಿದರೆ ಅದು ಗಡಸು. ಸೋಪಿನ ಪುಡಿಯಿಂದ ಈ ಪರೀಕ್ಷೆ ನಡೆಯದು. ಗಡಸು ನೀರಿನಲ್ಲಿಯೂ ನೊರೆ ಬರುವಂತೆಯೇ ಅದನ್ನು ತಯಾರಿಸಿರುತ್ತಾರೆ.

ಡೇರಿಯಿಂದ ಕಲಿಯುವ ಪಾಠ

ಮಾಚೇನಹಳ್ಳಿಯ ಸುತ್ತಮುತ್ತಲಿನವರಿಗೆ ಈ ವಿಷಯದಲ್ಲಿ ಒಳ್ಳೆಯ ಗುರು ರಸ್ತೆಯ ಪಕ್ಕದಲ್ಲೇ ಇದೆ. ಡೇರಿಗಳಲ್ಲಿ ಹಾಲು ಹರಿದ ಕೊಳವೆ, ಹಾಲು ಕಾಯಿಸಿದ ತಟ್ಟೆಗಳನ್ನು ಕೆಲಸ ಮುಗಿದ ಕೂಡಲೇ ತೊಳೆಯುವುದು ರೂಢಿ. ಬಿಚ್ಚದೆ, ಕಳಚದೆ, ಇದ್ದಲ್ಲೇ ತೊಳೆಯುತ್ತಾರೆ. ಮೊದಲು ನೀರು, ಬಳಿಕ ಕಾಸ್ಟಿಕ್ ಸೋಡದ ಬಿಸಿ ದ್ರಾವಣ, ಮತ್ತೆ ನೀರು, ಆಮೇಲೆ ಆಮ್ಲ, ಕೊನೆಗೆ ಮತ್ತೆ ನೀರು. ಎರಡೆರಡು ಮದ್ದು ಯಾಕೆಂದರೆ ಕೊಳೆಯಲ್ಲೂ ಎರಡು ಜಾತಿ. ಜಿಡ್ಡು ಮತ್ತು ಕೆನೆಯನ್ನು ಬಿಡಿಸುವುದು ಕ್ಷಾರ. ಹಾಲಿನ ಸುಣ್ಣಾಂಶ ಕಾದು ಕಲ್ಲಿನಂತೆ ಕಟ್ಟಿದ್ದನ್ನು ಕ್ಷಾರ ಮುಟ್ಟಲಾರದು, ಅದಕ್ಕೆ ಆಮ್ಲವೇ ಬೇಕು.

ವಾಷಿಂಗ್ ಮಷೀನಿನ ಕೊಳೆಯೂ ಹೀಗೆಯೇ ಎರಡು ಬಗೆ. ಮೈಯ ಎಣ್ಣೆ, ಸೋಪಿನ ಅಂಟು, ಬಟ್ಟೆಯ ಜುಂಗು ಸೇರಿ ಡ್ರಮ್ಮಿನ ಹಿಂದೆ ಬೂದುಬಣ್ಣದ ಲೋಳೆಯಾಗುತ್ತದೆ. ಸುಣ್ಣ ಕಟ್ಟಿದ್ದು ಬೇರೆ. ಲೋಳೆಗೆ ಮದ್ದು ಬಿಸಿನೀರು ಮತ್ತು ಸ್ವಲ್ಪ ಸೋಪಿನ ಪುಡಿ. ತಿಂಗಳಿಗೊಮ್ಮೆ ಬಟ್ಟೆ ಹಾಕದೆ, ಯಂತ್ರದಲ್ಲಿರುವ ಅತಿ ಹೆಚ್ಚು ಬಿಸಿಯ ಕ್ರಮದಲ್ಲಿ ಒಂದು ಸುತ್ತು ಓಡಿಸಬೇಕು. ಹೊಸ ಯಂತ್ರಗಳಲ್ಲಿ ಡ್ರಮ್ ತೊಳೆಯಲೆಂದೇ ಒಂದು ಗುಂಡಿ ಇರುತ್ತದೆ. ಕೊಂಡ ದಿನದಿಂದ ಆ ಗುಂಡಿಯನ್ನು ಮುಟ್ಟದ ಮನೆಗಳೇ ಹೆಚ್ಚು.

ಸುಣ್ಣಕ್ಕೆ ಮದ್ದು ಸಿಟ್ರಿಕ್ ಆಮ್ಲ. ನಿಂಬೆ ಉಪ್ಪು ಎಂದು ಕೇಳಿದರೂ ದಿನಸಿ ಅಂಗಡಿಯಲ್ಲಿ ಸಿಗುವ ಬಿಳಿಯ ಹರಳು ಇದು. ಬೋರಿನ ನೀರು ಬಳಸುವವರು ಎರಡು ಮೂರು ತಿಂಗಳಿಗೊಮ್ಮೆ ಸುಮಾರು 100 ಗ್ರಾಮನ್ನು ಖಾಲಿ ಡ್ರಮ್ಮಿಗೆ ಹಾಕಿ ಬಿಸಿನೀರಿನಲ್ಲಿ ಒಂದು ಸುತ್ತು ಓಡಿಸಿ, ಆಮೇಲೆ ಬರೀ ನೀರಿನಲ್ಲಿ ಜಾಲಿಸಿದರೆ ಸಾಕು. ಮೊದಲು ಯಂತ್ರದ ಜತೆ ಬಂದ ಪುಸ್ತಕವನ್ನು ನೋಡಿಕೊಳ್ಳುವುದು ಒಳ್ಳೆಯದು. ಅಳತೆ, ಅವಧಿಗಳಲ್ಲಿ ಕಂಪನಿಯ ಮಾತೇ ಮೇಲು. ಹೊಳೆಯ ನೀರೇ ಬಳಸುವವರಿಗೆ ಇದು ಇಷ್ಟು ಪದೇ ಪದೇ ಬೇಕಾಗದು.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ಆಮ್ಲ ಮತ್ತು ಬ್ಲೀಚ್ ಒಂದಕ್ಕೊಂದು ಸೇರಕೂಡದು. ನಿಂಬೆ ಉಪ್ಪಾಗಲಿ, ವಿನೆಗರ್ ಆಗಲಿ, ಕಕ್ಕಸು ತೊಳೆಯುವ ಆಸಿಡ್ ಆಗಲಿ, ಬ್ಲೀಚಿಂಗ್ ಪುಡಿಯ ಅಥವಾ ಬ್ಲೀಚ್ ದ್ರಾವಣದ ಜತೆ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಪುಟ್ಟ ಬಚ್ಚಲಲ್ಲಿ ಅದು ಉಸಿರಿಗೇ ಅಪಾಯ. ಎರಡೂ ಸೇರಿದರೆ ಎರಡು ಪಟ್ಟು ಶುಭ್ರವಾಗುತ್ತದೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನೊರೆಯ ಮೋಹ

ಕಲ್ಲಿನ ಮೇಲೆ ಬಟ್ಟೆ ಒಗೆದು ಬಂದ ಕೈಗಳಿಗೆ ನೊರೆಯೆಂದರೆ ನಂಬಿಕೆ. ನೊರೆ ಬಂದರೆ ಕೊಳೆ ಹೋಯಿತು ಎಂದೇ ಅರ್ಥ. ಯಂತ್ರದಲ್ಲಿ ಈ ನಂಬಿಕೆ ತಿರುಗುಬಾಣವಾಗುತ್ತದೆ. ಮುಂಭಾಗದಲ್ಲಿ ಬಾಗಿಲಿರುವ ಫ್ರಂಟ್ ಲೋಡ್ ಯಂತ್ರದಲ್ಲಿ ಡ್ರಮ್ಮು ಬಟ್ಟೆಯನ್ನು ಮೇಲಕ್ಕೆತ್ತಿ ಕೆಳಕ್ಕೆ ಕೆಡವುತ್ತದೆ. ಅಗಸನ ಕಲ್ಲಿನ ಪೆಟ್ಟಿನ ಬದಲು ಈ ಬೀಳುವ ಪೆಟ್ಟಿನಿಂದಲೇ ಕೊಳೆ ಬಿಡಬೇಕು. ನೊರೆ ತುಂಬಿದ್ದರೆ ಬಟ್ಟೆ ಹತ್ತಿಯ ಹಾಸಿಗೆಯ ಮೇಲೆ ಬಿದ್ದಂತೆ ಮೆತ್ತಗೆ ಬೀಳುತ್ತದೆ. ಪೆಟ್ಟೂ ಇಲ್ಲ, ಕೊಳೆ ಹೋಗುವುದೂ ಇಲ್ಲ.

ಉಳಿದ ಸೋಪು ಎಲ್ಲಿಗೂ ಹೋಗದೆ ಡ್ರಮ್ಮಿನ ಹಿಂದೆ ಕೂರುತ್ತದೆ. ಹಲವು ಯಂತ್ರಗಳಲ್ಲಿ ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವುದು ಮೂರು ಕೈಗಳ ಒಂದು ಅಲ್ಯೂಮಿನಿಯಂ ಚೌಕಟ್ಟು. ಸೋಪಿನ ಕ್ಷಾರ ಮತ್ತು ನೀರಿನ ಲವಣ ಸೇರಿ ಅದನ್ನು ವರ್ಷಗಟ್ಟಲೆ ತಿನ್ನುತ್ತವೆ. ಒಂದು ದಿನ ಬಟ್ಟೆ ಹಿಂಡುವ ಹೊತ್ತಿನಲ್ಲಿ ಅದು ಮುರಿಯುತ್ತದೆ. ಆಗ ಬರುವ ರಿಪೇರಿಯ ಬಿಲ್ಲು ಹೊಸ ಯಂತ್ರವನ್ನೇ ಕೊಳ್ಳೋಣವೇ ಎಂದು ಯೋಚಿಸುವಷ್ಟು ದೊಡ್ಡದು.

ಆದ್ದರಿಂದ ಫ್ರಂಟ್ ಲೋಡ್ ಯಂತ್ರಕ್ಕೆ ಅದಕ್ಕೆಂದೇ ಮಾಡಿದ, ಕಡಿಮೆ ನೊರೆಯ ಪುಡಿಯನ್ನೇ ಬಳಸಬೇಕು. ಪೊಟ್ಟಣದ ಮೇಲೆ ಹೇಳಿದ ಅಳತೆಯನ್ನು ಮೀರಬಾರದು. ಹೊಳೆಯ ಮೆದು ನೀರಿಗೆ ಅದಕ್ಕಿಂತಲೂ ಕಡಿಮೆ ಸಾಕು. ಕೊನೆಯ ಸಲ ಜಾಲಿಸಿದ ಮೇಲೂ ನೀರಿನಲ್ಲಿ ನೊರೆ ಕಂಡರೆ ಮುಂದಿನ ಸಲ ಪುಡಿ ಇಳಿಸಬೇಕೆಂದು ಅರ್ಥ. ಬಚ್ಚಲ ನೀರು ಚರಂಡಿ ಹಿಡಿದು ಹಳ್ಳಕ್ಕೆ, ಹಳ್ಳ ಹೊಳೆಗೆ ಸೇರುವ ಕಡೆಗಳಲ್ಲಿ ಈ ನೊರೆಯ ಪಯಣ ಕೂಡಲಿಯವರೆಗೂ ಸಾಗುತ್ತದೆ. ಒಂದು ಚಮಚ ಕಡಿಮೆ ಹಾಕಿದವರು ತುಂಗೆಗೂ ಭದ್ರೆಗೂ ಉಪಕಾರ ಮಾಡಿದಂತೆ.

ಜೇಬು, ಜರಡಿ, ಕೆಸರು

ಅಂಗಿಯ ಜೇಬಿನಲ್ಲಿ ಉಳಿದ ನಾಣ್ಯ, ಕೂದಲಿನ ಪಿನ್ನು, ರವಿಕೆಯ ಹುಕ್ಕು, ಮಕ್ಕಳ ಜೇಬಿನ ಗೋಲಿ, ಬಸ್ ಟಿಕೆಟ್ಟಿನ ಮುದ್ದೆ ಇವೆಲ್ಲ ಕೊನೆಗೆ ಸೇರುವುದು ನೀರು ಹೊರಹಾಕುವ ಪಂಪಿನ ಬಳಿ. ಫ್ರಂಟ್ ಲೋಡ್ ಯಂತ್ರದ ಕೆಳಮೂಲೆಯಲ್ಲಿ ಪುಟ್ಟ ಮುಚ್ಚಳವೊಂದಿರುತ್ತದೆ. ಅದರ ಹಿಂದಿರುವ ಜರಡಿಯನ್ನು ತಿರುಗಿಸಿ ತೆಗೆದು ತೊಳೆಯಬೇಕು. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಕೆಳಗೊಂದು ತಟ್ಟೆ ಮತ್ತು ಹಳೆಯ ಬಟ್ಟೆ ಇಟ್ಟುಕೊಂಡು ಮಾಡುವ ಹತ್ತು ನಿಮಿಷದ ಕೆಲಸ. ‘ಮಷೀನ್ ನೀರು ಬಿಡ್ತಿಲ್ಲ’ ಎಂದು ಮೆಕ್ಯಾನಿಕ್‌ಗೆ ಫೋನು ಮಾಡುವ ಮುನ್ನ ಈ ಮುಚ್ಚಳ ತೆಗೆದು ನೋಡುವುದು ಲಾಭ.

ನೀರು ಒಳಬರುವ ಪೈಪಿನ ತುದಿಯಲ್ಲೂ ಒಂದು ಸಣ್ಣ ಬಲೆಯಿದೆ. ತೊಟ್ಟಿಯ ತಳದ ಮಣ್ಣು, ಪಾಚಿ ಅಲ್ಲಿ ಸಿಕ್ಕಿಕೊಂಡರೆ ಯಂತ್ರ ನೀರಿಗಾಗಿ ಕಾಯುತ್ತಲೇ ನಿಲ್ಲುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಸರಿಹೋಗುತ್ತದೆ. ಕೆಲವರ ಮನೆಯಲ್ಲಿ ಬಲೆ ಶುಭ್ರವಾಗಿದ್ದರೂ ನೀರು ನಿಧಾನ. ಅಲ್ಲಿ ನೋಡಬೇಕಾದದ್ದು ತೊಟ್ಟಿಯ ಎತ್ತರ. ಹತ್ತು ಮೀಟರ್ ಎತ್ತರದ ನೀರಿನ ಒತ್ತಡ ಸುಮಾರು ಒಂದು ಬಾರ್. ಹಲವು ಯಂತ್ರಗಳು ಕನಿಷ್ಠ 0.3 ಬಾರ್ ಕೇಳುತ್ತವೆ. ಅಂದರೆ ತೊಟ್ಟಿಯ ನೀರಿನ ಮಟ್ಟ ಯಂತ್ರಕ್ಕಿಂತ ಮೂರು ಮೀಟರಾದರೂ ಮೇಲಿರಬೇಕು. ಮಹಡಿಯ ಮೇಲೆಯೇ ಯಂತ್ರವನ್ನೂ ಅದರ ಪಕ್ಕದಲ್ಲೇ ತೊಟ್ಟಿಯನ್ನೂ ಇಟ್ಟವರಿಗೆ ಈ ತೊಂದರೆ ತಪ್ಪದು. ನಲ್ಲಿಗೆ ಸಿಕ್ಕಿಸುವ ಬಲೆಯ ಫಿಲ್ಟರು ಮರಳನ್ನು ತಡೆಯುತ್ತದೆಯೇ ಹೊರತು ಕರಗಿದ ಸುಣ್ಣವನ್ನಲ್ಲ ಎಂಬುದೂ ನೆನಪಿರಲಿ.

ಈ ಭಾಗದ ಬಟ್ಟೆಗಳಿಗೆ ಅವುಗಳದೇ ಕೊಳೆಗಳಿವೆ. ಗದ್ದೆಯ ಕೆಸರು ಮೆತ್ತಿದ ಲುಂಗಿ, ಪಂಚೆಗಳನ್ನು ಬಕೆಟ್ಟಿನಲ್ಲಿ ಒಮ್ಮೆ ಜಾಲಿಸಿ ಕೆಸರು ಬಿಡಿಸಿಯೇ ಯಂತ್ರಕ್ಕೆ ಹಾಕಬೇಕು. ಇಲ್ಲವಾದರೆ ಗದ್ದೆಯ ಒಂದು ಪಾಲು ಪಂಪಿನಲ್ಲಿ ನೆಲೆಸುತ್ತದೆ. ಅಡಿಕೆಯ ಚೊಗರಿನ ಕಲೆಗೆ ಕಬ್ಬಿಣದ ಅಂಶವಿರುವ ನೀರು ತಾಗಿದರೆ ಅದು ಇನ್ನಷ್ಟು ಕಪ್ಪಾಗುತ್ತದೆ. ಹಿಂದೆ ಶಾಯಿ ಮಾಡುತ್ತಿದ್ದದ್ದೂ ಚೊಗರು ಮತ್ತು ಕಬ್ಬಿಣದಿಂದಲೇ. ಅಂಥ ಬಟ್ಟೆಯನ್ನು ಮಿಕ್ಕವುಗಳ ಜತೆ ಸೇರಿಸದಿರುವುದೇ ಜಾಣತನ. ಎರಕದ ಕಾರ್ಖಾನೆ, ಗ್ಯಾರೇಜುಗಳಲ್ಲಿ ದುಡಿಯುವವರ ಬಟ್ಟೆಗೆ ಪೆಟ್ರೋಲು, ಥಿನ್ನರು ತಗಲಿದ್ದರೆ ಅದನ್ನು ಯಂತ್ರಕ್ಕೆ ಹಾಕಲೇಬಾರದು. ಮುಚ್ಚಿದ ಡ್ರಮ್ಮಿನಲ್ಲಿ ಆವಿ ತುಂಬಿಕೊಂಡರೆ ಒಂದು ಕಿಡಿ ಸಾಕು.

ಇನ್ನು ಭಾರದ ಮಾತು. ಆರು ಕಿಲೋ ಯಂತ್ರವೆಂದರೆ ಒಣಬಟ್ಟೆಯ ಆರು ಕಿಲೋ. ತುಂಬಿದ ಮೇಲೆ ಬಟ್ಟೆಗಳ ಮೇಲೆ ಅಂಗೈ ಅಡ್ಡವಾಗಿ ತೂರುವಷ್ಟು ಜಾಗ ಇರಬೇಕು. ಭಾನುವಾರ ಒಂದೇ ಸಲಕ್ಕೆ ಮುಗಿಸುವ ಆತುರದಲ್ಲಿ ಎರಡು ಸುತ್ತಿನ ಬಟ್ಟೆಯನ್ನು ಒಂದೇ ಸುತ್ತಿಗೆ ತುರುಕಿದರೆ ಬಟ್ಟೆಯೂ ಒಗೆದಂತಾಗದು, ಬೇರಿಂಗೂ ಉಳಿಯದು.

ಮಳೆಗಾಲದ ವಾಸನೆ

ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆ ಒಣಗಿಸುವುದೇ ಈ ಕಡೆಯ ಮನೆಗಳ ದೊಡ್ಡ ಚಿಂತೆ. ಒಗೆದ ಬಟ್ಟೆಗೆ ಮುಗ್ಗುಲು ವಾಸನೆ ಬಂದರೆ ಮಳೆಗೆ ಶಾಪ ಹಾಕುವುದು ವಾಡಿಕೆ. ಎಷ್ಟೋ ಸಲ ತಪ್ಪು ಮಳೆಯದಲ್ಲ. ಫ್ರಂಟ್ ಲೋಡ್ ಯಂತ್ರದ ಬಾಗಿಲ ಸುತ್ತ ಮಡಿಕೆಯ ರಬ್ಬರು ಇರುತ್ತದೆ. ಅದರ ಕೆಳಮಡಿಕೆಯನ್ನು ಬೆರಳಿನಿಂದ ಬಿಡಿಸಿ ನೋಡಿದರೆ ನಿಂತ ನೀರು, ಜುಂಗು, ಕಪ್ಪು ಬೂಷ್ಟಿನ ಚುಕ್ಕೆಗಳು ಕಾಣುತ್ತವೆ. ವಾಸನೆಯ ಮೂಲ ಅಲ್ಲಿದೆ.

ಪ್ರತಿ ಸಲ ಒಗೆತ ಮುಗಿದ ಮೇಲೆ ಈ ಮಡಿಕೆಯನ್ನು ಒಣಬಟ್ಟೆಯಿಂದ ಒರೆಸಬೇಕು. ಪುಡಿ ಹಾಕುವ ಡಬ್ಬಿಯನ್ನು ಎಳೆದು ವಾರಕ್ಕೊಮ್ಮೆ ತೊಳೆಯಬೇಕು. ಒಗೆದ ಬಟ್ಟೆಯನ್ನು ರಾತ್ರಿಯಿಡೀ ಒಳಗೇ ಬಿಡಬಾರದು. ಬಾಗಿಲನ್ನು ಒಂದಿಷ್ಟು ಹೊತ್ತು ತೆರೆದಿಟ್ಟರೆ ಡ್ರಮ್ಮು ಆರುತ್ತದೆ. ಆದರೆ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಬಾಗಿಲು ತೆರೆದು ಅತ್ತಿತ್ತ ಹೋಗಬೇಡಿ. ಡ್ರಮ್ಮು ಮಕ್ಕಳ ಕಣ್ಣಿಗೆ ಗುಹೆಯಂತೆ ಕಾಣುತ್ತದೆ. ಅಂಥ ಮನೆಗಳಲ್ಲಿ ಒಳಗೆ ಒರೆಸಿ, ಎದುರಿಗೇ ಇದ್ದು ಆರಲು ಬಿಟ್ಟು, ಬಳಿಕ ಬಾಗಿಲು ಮುಚ್ಚಿ ಪ್ಲಗ್ಗು ಕೀಳುವುದು ಕ್ಷೇಮ.

ಜುಂ ಎಂದರೆ ನಿಲ್ಲಿಸಿ

ಆರೈಕೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಕರೆಂಟಿನ ವಿಷಯ. ಉಳಿದದ್ದು ಕೆಟ್ಟರೆ ಹಣ ಹೋದೀತು, ಇದು ಕೆಟ್ಟರೆ ಜೀವ. ಒದ್ದೆ ನೆಲ, ಒದ್ದೆ ಕೈ, ಬರಿಗಾಲು ಮತ್ತು ಲೋಹದ ಮೈಯ ಯಂತ್ರ ಒಟ್ಟಿಗೆ ಸೇರುವ ಜಾಗ ಮನೆಯಲ್ಲಿ ಬೇರೊಂದಿಲ್ಲ.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪ. ಅದು ಅರ್ತಿನ ಪಿನ್ನು. ಪ್ಲಗ್ಗು ಚುಚ್ಚುವಾಗ ಕರೆಂಟಿಗಿಂತ ಮೊದಲು ನೆಲದ ಸಂಪರ್ಕ ಸಿಗಲಿ, ಕೀಳುವಾಗ ಕೊನೆಯಲ್ಲಿ ತಪ್ಪಲಿ ಎಂದು ಅದನ್ನು ಉದ್ದ ಮಾಡಿದ್ದಾರೆ. ಆದರೆ ಗೋಡೆಯ ಸಾಕೆಟ್ಟಿನಲ್ಲಿ ಅರ್ತಿನ ತೂತು ಇದ್ದಮಾತ್ರಕ್ಕೆ ಅದರ ಹಿಂದೆ ತಂತಿ ಇದೆಯೆಂದು ಹೇಳುವಂತಿಲ್ಲ. ಬಾಡಿಗೆಗೆಂದು ಆತುರದಲ್ಲಿ ಕಟ್ಟಿದ ಮನೆಗಳಲ್ಲಿ ಅದನ್ನು ಬಲ್ಲವರಿಂದ ಪರೀಕ್ಷಿಸಿಕೊಳ್ಳುವುದು ಯಂತ್ರ ಕೊಳ್ಳುವುದಕ್ಕಿಂತ ಮೊದಲಿನ ಕೆಲಸ. ಯಂತ್ರದ ಮೈ ಮುಟ್ಟಿದಾಗ ಬೆರಳಿಗೆ ಜುಂ ಎನಿಸಿದರೆ ‘ಸ್ವಲ್ಪ ಹಾಗೆ ಬರುತ್ತೆ, ಚಪ್ಪಲಿ ಹಾಕ್ಕೊಂಡು ಮುಟ್ಟು’ ಎನ್ನುವವರ ಮಾತು ಕೇಳಕೂಡದು. ಸ್ವಿಚ್ಚು ಆರಿಸಿ, ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಅದನ್ನು ಮುಟ್ಟಬಾರದು. ಮೈನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಸುರಕ್ಷಾ ಸ್ವಿಚ್ಚು ಹಾಕಿಸಿದರೆ ಅದು ಇಡೀ ಮನೆಗೇ ಕಾವಲು.

ಹೀಟರಿರುವ ಯಂತ್ರ 2000 ವ್ಯಾಟಿನಷ್ಟು ಎಳೆಯಬಲ್ಲದು. 230 ವೋಲ್ಟಿನಲ್ಲಿ ಅದು ಸುಮಾರು ಒಂಬತ್ತು ಆಂಪಿಯರ್. ಮಿಕ್ಸಿಗೆಂದು ಹಾಕಿದ ಆರು ಆಂಪಿಯರಿನ ಸಾಕೆಟ್ಟಿಗೆ, ಎಕ್ಸ್‌ಟೆನ್ಷನ್ ವೈರಿಗೆ ಇದು ಹೊರಲಾಗದ ಹೊರೆ. ಇದಕ್ಕೆ 16 ಆಂಪಿಯರಿನ ಪ್ರತ್ಯೇಕ ಸಾಕೆಟ್ಟೇ ಬೇಕು.

ವೈರಿಗೆ ಇನ್ನೊಬ್ಬ ಶತ್ರುವಿದ್ದಾನೆ. ಗಣಪತಿಯ ವಾಹನ! ಯಂತ್ರದ ಅಡಿಯಲ್ಲಿ ಕತ್ತಲೆಯೂ ಉಂಟು, ಬೆಚ್ಚನೆಯ ಜಾಗವೂ ಉಂಟು. ಇಲಿಗಳಿಗೆ ಅದಕ್ಕಿಂತ ಒಳ್ಳೆಯ ಬಾಣಂತಿ ಕೋಣೆ ಬೇರೆಲ್ಲಿ ಸಿಕ್ಕೀತು? ತಳ ತೆರೆದಿರುವ ಯಂತ್ರವಾದರೆ ಇಲಿ ನುಸುಳದಂತೆ ಕಂಪನಿಯವರಿಂದಲೇ ತಳಕ್ಕೆ ತಡೆ ಹಾಕಿಸಬೇಕು. ಗೋಡೆಗೂ ಯಂತ್ರಕ್ಕೂ ನಡುವೆ ತಿಂಗಳಿಗೊಮ್ಮೆ ಪೊರಕೆಯಾಡಬೇಕು. ನಾಲ್ಕೂ ಕಾಲು ನೆಲಕ್ಕೆ ಸಮನಾಗಿ ಊರಿವೆಯೇ ಎಂದು ಆಗಲೇ ನೋಡಿಕೊಂಡರೆ ಯಂತ್ರ ಕುಣಿಯುವುದೂ ತಪ್ಪುತ್ತದೆ.

ಎರಡು ತೊಟ್ಟಿಯ ಹಳೆಯ ಗೆಳೆಯ

ಸ್ವಯಂಚಾಲಿತ ಯಂತ್ರಗಳ ಮಾತಿನಲ್ಲಿ ಎರಡು ತೊಟ್ಟಿಯ ಅರೆ ಸ್ವಯಂಚಾಲಿತ ಯಂತ್ರವನ್ನು ಮರೆಯಲಾಗದು. ನೀರು ಬಿಟ್ಟು ಬಿಟ್ಟು ಬರುವ ಊರುಗಳಲ್ಲಿ ಬಕೆಟ್ಟಿನಿಂದಲೇ ನೀರು ಹೊಯ್ದು ನಡೆಸಬಹುದಾದ ಯಂತ್ರವೆಂದರೆ ಇದೇ. ಅದರ ಆರೈಕೆ ಇನ್ನೂ ಸುಲಭ. ಒಗೆಯುವ ತೊಟ್ಟಿಯ ತಳದಲ್ಲಿ ತಿರುಗುವ ಚಕ್ರವನ್ನು ಹಿಡಿದಿರುವುದು ಸಾಮಾನ್ಯವಾಗಿ ಒಂದೇ ಸ್ಕ್ರೂ. ಪ್ಲಗ್ಗು ಕಿತ್ತು, ಅದನ್ನು ಬಿಚ್ಚಿ, ಅಡಿಯಲ್ಲಿ ಸುತ್ತಿಕೊಂಡ ದಾರ, ಕೂದಲು, ನಾಣ್ಯಗಳನ್ನು ತೆಗೆದರೆ ಮೋಟಾರು ಹಗುರಾಗಿ ತಿರುಗುತ್ತದೆ. ಜುಂಗು ಹಿಡಿಯುವ ಬಲೆಯ ಚೀಲವನ್ನು ಪ್ರತಿ ಸಲ ಮಗುಚಿ ತೊಳೆಯಬೇಕು. ಹಿಂಡುವ ತೊಟ್ಟಿ ಪೂರ್ತಿ ನಿಲ್ಲುವ ಮೊದಲು ಕೈ ಹಾಕಬಾರದು. ಸುತ್ತುವ ಸೀರೆಗೆ ಬೆರಳಿನ ಗುರುತು ಹತ್ತುವುದಿಲ್ಲ. ಮುಚ್ಚಳ ತೆಗೆದರೂ ತೊಟ್ಟಿ ಬೇಗ ನಿಲ್ಲುವುದಿಲ್ಲವೆಂದರೆ ಬ್ರೇಕು ಸವೆದಿದೆ, ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು.

ಯಂತ್ರ ಯಾವುದೇ ಇರಲಿ, ಕೆಡುವ ಮುನ್ನ ಅದು ಹೇಳಿಯೇ ಕೆಡುತ್ತದೆ. ಹಿಂಡುವಾಗ ವಿಮಾನ ಏರುವಂಥ ಸದ್ದು ಬಂದರೆ ಬೇರಿಂಗಿಗೆ ನೀರು ಇಳಿಯುತ್ತಿದೆ. ಬಟ್ಟೆಯಲ್ಲಿ ಬೂದು ಚೂರುಗಳು ಕಂಡರೆ ಡ್ರಮ್ಮಿನ ಹಿಂದೆ ಲೋಳೆ ಕಟ್ಟಿದೆ. ಅಡಿಯಲ್ಲಿ ತೇವ ಕಂಡರೆ ಪೈಪೋ ರಬ್ಬರೋ ಸೀಳಿದೆ. ಆ ದಿನವೇ ಕಿವಿಗೊಟ್ಟರೆ ಸಣ್ಣ ರಿಪೇರಿ, ಹಬ್ಬ ಕಳೆಯಲಿ ಎಂದರೆ ದೊಡ್ಡದು.

ಕೆಲಸ ಯಾರದು?

ಲೆಕ್ಕ ಹಾಕಿದರೆ ಇಷ್ಟೇ. ಪ್ರತಿ ಸಲ ರಬ್ಬರು ಒರೆಸಲು ಒಂದು ನಿಮಿಷ. ವಾರಕ್ಕೊಮ್ಮೆ ಪುಡಿಯ ಡಬ್ಬಿ. ತಿಂಗಳಿಗೊಮ್ಮೆ ಎರಡು ಜರಡಿ, ಒಂದು ಖಾಲಿ ಸುತ್ತು. ಎರಡು ಮೂರು ತಿಂಗಳಿಗೊಮ್ಮೆ ನಿಂಬೆ ಉಪ್ಪು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಕಡೆಯೇ ಇದಕ್ಕೂ ಒಂದು ಗುರುತು ಹಾಕಿಕೊಂಡರೆ ಮರೆಯುವುದಿಲ್ಲ.

ಆದರೆ ಯಂತ್ರದ ಕೆಲಸ ಹೆಂಗಸಿನದು, ಆದ್ದರಿಂದ ಅದರ ಆರೈಕೆಯೂ ಅವಳದೇ ಎಂದು ಮನೆಮಂದಿ ತೀರ್ಮಾನಿಸಿದರೆ 299 ನಿಮಿಷಕ್ಕೆ ಇನ್ನಷ್ಟು ನಿಮಿಷ ಸೇರಿಸಿದಂತಾಯಿತು. ಬೈಕಿಗೆ ಭಾನುವಾರ ಒಂದು ಗಂಟೆ ಕೊಡುವವರು, ಅದರ ಚೈನಿಗೆ ಎಣ್ಣೆ ಬಿಟ್ಟು ಕಡ್ಡಿ ಕಡ್ಡಿ ಒರೆಸುವವರು ಪ್ರತಿ ಮನೆಯಲ್ಲಿಯೂ ಇದ್ದಾರೆ. ಜರಡಿ ತಿರುಗಿಸಿ ತೆಗೆಯುವುದು ಅದಕ್ಕಿಂತ ಕಷ್ಟದ ವಿದ್ಯೆಯಲ್ಲ. ಹೈಸ್ಕೂಲಿನ ಹುಡುಗನೂ ಹುಡುಗಿಯೂ ಕಲಿಯಬಹುದಾದ ಕೆಲಸ. ಗಡಸು ನೀರೆಂದರೇನು, ಆಮ್ಲ ಸುಣ್ಣವನ್ನು ಹೇಗೆ ಕರಗಿಸುತ್ತದೆ ಎಂದು ಪಠ್ಯಪುಸ್ತಕದಲ್ಲಿ ಓದಿದ್ದು ಬಚ್ಚಲುಮನೆಯಲ್ಲಿ ಕಣ್ಣಿಗೂ ಬೀಳುತ್ತದೆ.

ಆಯುಧಕ್ಕೆ ಹಾರ ಹಾಕುವ ಮೊದಲು ಅದನ್ನು ತೊಳೆಯುವುದು ಪದ್ಧತಿ. ಈ ಸಲ ಆಯುಧಪೂಜೆಯವರೆಗೂ ಕಾಯದೆ, ಬರುವ ಭಾನುವಾರ ಬೈಕು ಒರೆಸಿದ ಕೈಯೇ ಯಂತ್ರದ ಕೆಳಮೂಲೆಯ ಆ ಪುಟ್ಟ ಮುಚ್ಚಳವನ್ನೂ ತೆಗೆಯಲಿ. ಕಳೆದುಹೋಗಿತ್ತೆಂದು ಬೈಸಿಕೊಂಡ ಎರಡು ರೂಪಾಯಿಯ ನಾಣ್ಯವಾದರೂ ಸಿಕ್ಕೀತು.